ಜಿಬೆಕ್ ಸುತ್ತಿದ ಒಂದು

ಸೂಸಾಮಿರ್,
ಮಾರ್ಚ್ 24

ಪ್ರೀತಿಯ ಕುಬಾತ್ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಅಲ್ಲಿನ ಚಳಿಯಲ್ಲಿ ಅತ್ತಿಗೆಯ ಕೆಮ್ಮು ಹೇಗಿದೆ? ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನೋರೂಜ್ ಹಬ್ಬಕ್ಕೆ ಮೊಳಕೆ ಗೋಧಿಯ ಸುಮೋಲೋಕ್ ಪಾಯಸದ ಕಡಾಯಿಯ ಮುಂದೆ ಕೂತು ಸೊಸೆಯಂದಿರನ್ನೆಲ್ಲ ಬೈದು ಖುಷಿಪಟ್ಟಳು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನನ್ನ ಬಳಿ ಓದುತ್ತಿರುವ ನಿನ್ನ ಮಗಳು ಜಿಬೆಕ್‌ಗೆ ಓದಿನಲ್ಲಿ ಆಸಕ್ತಿ ಇಲ್ಲದಿದ್ದರೆ ಬೇಸಿಗೆಗೆ ನೀವು ದುಡಿಯುವ ಊರಿಗೆ ಕಳಿಸಿಬಿಡು, ಅಲ್ಲಿ ಹೊಲಿಗೆ ಕೆಲಸ ಸಿಗುತ್ತದೆ ಅಂದಿದ್ದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಅಷ್ಟರಲ್ಲಿ ಬಿಷ್ಕೆಕ್‌ನಿಂದ ಚೋಲ್ಪೋನ್ ಅನ್ನುವ ಹುಡುಗಿ ನಮ್ಮ ಶಾಲೆಗೆ ಬಂದಳು. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಓದುವುದರಲ್ಲಿ, ಆ ಕೆಲಸಕ್ಕೆ ಹೋಗುವುದರಲ್ಲಿ ಎಷ್ಟು ಆಸಕ್ತಿ ಇದೆ ಅಂತ ಅಳೆಯುವುದು ಅವಳ ಕೆಲಸ. ಹೆಸರು ಬರೆಯುವಂತಿಲ್ಲ, ಪ್ರತಿ ಪ್ರಶ್ನೆಗೂ ಒಂದರಿಂದ ಐದರೊಳಗೆ ಒಂದು ಅಂಕಿಗೆ ಸುತ್ತು ಹಾಕಬೇಕು; ಒಂದು ಅಂದರೆ ಬೇಡವೇ ಬೇಡ, ಐದು ಅಂದರೆ ತುಂಬ ಆಸೆ. ‘ನೀನು ವಿಜ್ಞಾನಿ ಆಗಲು ಬಯಸುತ್ತೀಯಾ?’ ಅನ್ನುವಲ್ಲಿ ಇಡೀ ತರಗತಿ ಒಂದು, ಎರಡರಲ್ಲೇ ನಿಂತಿತು. ಹೆಡ್‌ಮಾಸ್ತರರು ನೋಡಿ, "ಹಾಗಾದ್ರೆ ನಿಮ್ಮ ಕೆಮಿಸ್ಟ್ರಿ ಪೀರಿಯಡ್ಡು ಕಮ್ಮಿ ಮಾಡೋಣ್ವಾ, ಸಾಯ್ಕಲ್ ಮೇಡಂ?" ಅಂತ ನನ್ನನ್ನು ಕೇಳಿದರು. ಇಷ್ಟು ವರ್ಷ ಪಾಠ ಹೇಳಿದ್ದು ಗಾಳಿಗೆ ಹೋಯಿತೇ ಅನ್ನಿಸಿ ಸ್ಟಾಫ್ ರೂಮಿನಲ್ಲಿ ತಲೆ ಎತ್ತಲಾಗಲಿಲ್ಲ.

ಅಂದೇ ಘಾಟಿಯ ಮೇಲೆ ಹಿಮ ಕುಸಿದು ದಾರಿ ಮುಚ್ಚಿತು. ಚೋಲ್ಪೋನ್ ನಮ್ಮ ಮನೆಯಲ್ಲೇ ಉಳಿದಳು. ಚಹಾ ಕುಡಿಯುವಾಗ ಜಿಬೆಕ್ ತಾನಾಗಿಯೇ, "ನಾನೂ ಒಂದಕ್ಕೇ ಸುತ್ತಿದ್ದು ಅತ್ತೆ" ಅಂದಳು. ಚೋಲ್ಪೋನ್ ಮೆಲ್ಲಗೆ, "ಯಾಕಮ್ಮಾ?" ಅಂದಳು. "ವಿಜ್ಞಾನಿ ಅಂದ್ರೆ ಬಿಳಿ ಕೋಟು ಹಾಕ್ಕೊಂಡು ದೂರದೂರಲ್ಲಿ ಕೂತಿರೋರಲ್ವಾ ಅಕ್ಕಾ? ನಂಗದು ಬೇಡ. ಹಿಮ ಯಾವಾಗ ಜಾರುತ್ತೆ ಅಂತ ಮೊದ್ಲೇ ಹೇಳ್ತಾರಲ್ಲ, ನಂಗೆ ಆ ಕೆಲ್ಸ ಬೇಕು. ಅದನ್ನ ಯಾರೂ ಕೇಳ್ಲೇ ಇಲ್ಲ." ಅಮ್ಮ ರೊಟ್ಟಿ ಮುರಿಯುತ್ತಾ, "ಅದಕ್ಕೂ ಸಂಬ್ಳ ಕೊಡ್ತಾರೇನೇ?" ಅಂದಳು. ಚೋಲ್ಪೋನ್ ಮಾತ್ರ ನಗಲಿಲ್ಲ. ಬಟ್ಟಲು ಕೆಳಗಿಟ್ಟು, "ನಿಮ್ಮ ಮಕ್ಕಳು ದಡ್ಡರಲ್ಲ. ದಡ್ಡತನ ನಮ್ಮ ಪ್ರಶ್ನೇದು" ಅಂದಳು.

ಮರುದಿನ ಅವಳು ಕೆಲಸಗಳ ಹೆಸರು ಹೇಳಿಯೇ ಮತ್ತೆ ಕೇಳಿದಳು: ಹಾಲು ಪರೀಕ್ಷೆ, ಹುಲ್ಲಿನ ತಳಿ, ನದಿ ನೀರಿನ ಅಳತೆ, ಹಿಮದ ಕಾವಲು. "ಕುರಿ ಡಾಕ್ಟ್ರೂ ಲೆಕ್ಕಕ್ಕೆ ಬರುತ್ತಾ?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಬರುತ್ತದೆ ಅಂದದ್ದೇ ತಡ, ತರಗತಿ ಸಂತೆಯಾಯಿತು. ಈ ಸಲ ಹೆಚ್ಚಿನವರು ನಾಲ್ಕು, ಐದಕ್ಕೆ ಸುತ್ತಿದ್ದರು. ಹೆಡ್‌ಮಾಸ್ತರರು ಪೀರಿಯಡ್ಡಿನ ಮಾತು ಮತ್ತೆ ಎತ್ತಲಿಲ್ಲ. ಅಣ್ಣಾ, ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ; ಎದೆ ಹಗುರಾಯಿತು.

ಅತ್ತಿಗೆಗೆ ಹೆಚ್ಚು ಬೆಚ್ಚಗಿರಲು ಹೇಳು. ಅಮ್ಮನ ಆಶೀರ್ವಾದ ನಿಮ್ಮಿಬ್ಬರ ಮೇಲಿದೆ. ಕಣಿವೆಯವರೆಲ್ಲ ನಿನ್ನನ್ನು ಕೇಳುತ್ತಿರುತ್ತಾರೆ.

ನಿನ್ನ ತಂಗಿ,
ಸಾಯ್ಕಲ್

ಮರೆತಿದ್ದೆ: ಹವಾಮಾನ ಕಲಿಸುವ ಕಾಲೇಜಿಗೆ ಜಿಬೆಕ್‌ಳ ಅರ್ಜಿ ಹೋಗಿಯಾಗಿದೆ. ಪೋಷಕರ ಜಾಗದಲ್ಲಿ ನಾನೇ ಸಹಿ ಹಾಕಿದೆ. ಬೈಯುವುದಿದ್ದರೆ ನನ್ನನ್ನು ಬೈಯಿ, ಅವಳನ್ನು ಅಲ್ಲಿಗೆ ಕರೆಸಿಕೊಳ್ಳಲು ಟಿಕೆಟ್ ಮಾತ್ರ ತೆಗೆಯಬೇಡ.