ತೇಪೆಯ ಪಕ್ಕ ತೇಪೆ

ಹೊಲಿಗೆ ಕೋಣೆಯಿಂದ,
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ರೀ,

ಇಷ್ಟು ವರ್ಷ ರೀ ಎಂದೇ ಕರೆದಿರುವುದರಿಂದ ಕಾಗದದಲ್ಲೂ ಅದೇ ಇರಲಿ. ಹೇಗಿದ್ದೀರಿ? ಬೆನ್ನುನೋವು ಹೇಗಿದೆ? ಹೋದ ಸಲ ‘ಈಗ ಆರಾಮ’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿರಿ. ಸುರಂಗ ಕೊರೆಯುವ ಯಂತ್ರದ ಮೇಲೆ ದಿನವಿಡೀ ಅದುರುವ ಬೆನ್ನು ಇದ್ದಕ್ಕಿದ್ದಂತೆ ಹೇಗೆ ಆರಾಮಾಯಿತೋ ತಿಳಿಯಲಿಲ್ಲ, ಆದರೂ ಸಂತೋಷಪಟ್ಟೆ. ನಿಮ್ಮ ಕ್ಯಾಂಪಿಗೆ ಫೋನ್ ತಲುಪುವುದಿಲ್ಲವಲ್ಲ, ಅದಕ್ಕೆ ಸಾಮಾನಿನ ವ್ಯಾನಿನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅತ್ತೆ ಈಗ ಚೆನ್ನಾಗಿದ್ದಾರೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ. ವ್ಯಾನು ಹೊರಡುವ ಮೊದಲು ಬರೆದು ಮುಗಿಸಬೇಕು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡಿ.

ಹೋದ ವಾರ ಒಬ್ಬ ನರ್ಸಮ್ಮ ಸಮವಸ್ತ್ರದ ತೋಳು ಗಿಡ್ಡ ಮಾಡಿಸಲು ಬಂದಿದ್ದರು. ಗುರುತು ಹಾಕುತ್ತಿದ್ದಾಗ, ಸಂಜೆ ಕೆಳಗಿನ ಹಾಲ್‌ನಲ್ಲಿ ತರಬೇತಿ ಇದೆ, ನೋವಿನ ಮದ್ದೋ ಅಮಲಿನ ಮದ್ದೋ ಮೈಗೆ ಹೆಚ್ಚಾಗಿ ಉಸಿರು ನಿಲ್ಲುವ ಹಂತಕ್ಕೆ ಬಂದವರನ್ನು ಯಾರು ಬೇಕಾದರೂ ಉಳಿಸಬಹುದು, ಅದನ್ನು ಕಲಿಸುತ್ತೇವೆ, ನೀವೂ ಬನ್ನಿ ಎಂದರು. ನನ್ನ ಬಾಯಿ ತುಂಬ ಗುಂಡುಸೂಜಿ. ನಾನು ಉಹೂಂ ಎಂದದ್ದು ಅವರಿಗೆ ಹೂಂ ಎಂದು ಕೇಳಿಸಿತು. ಹೋಗಿ ಕೂತೆ. ಇದೆಲ್ಲ ದಾರಿ ತಪ್ಪಿದ ಹುಡುಗರ ವಿಷಯ, ನಮ್ಮಂಥ ಮನೆಗೆ ಏನು ಸಂಬಂಧ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಕ್ಷೌರದಂಗಡಿಯವರು, ಬಸ್ ಕಂಡಕ್ಟರು, ಶಾಲೆಯ ಆಯಾ, ಎಲ್ಲರೂ ಸರದಿಯಲ್ಲಿ ರಬ್ಬರ್ ಗೊಂಬೆಯ ಮೂಗಿಗೆ ಆ ಮದ್ದಿನ ಅಮಲು ಇಳಿಸುವ ಸ್ಪ್ರೇ ಒತ್ತಿದರು. ನಾನು ಗೊಂಬೆಯ ಅಂಗಿಯ ಬಿಚ್ಚಿದ ಹೊಲಿಗೆ ನೋಡುತ್ತ ನಿಂತಿದ್ದಕ್ಕೆ ನರ್ಸಮ್ಮ, ‘ಅಂಗಿ ಆಮೇಲೆ ಹೊಲೀರಿ, ಮೊದ್ಲು ಉಸಿರು ನೋಡಿ’ ಎಂದರು. ಹಾಲ್ ತುಂಬ ನಗು. ಆದರೆ ಒಂದು ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು: ‘ಗೊರಕೆ ಕೇಳಿ ಪಾಪ ಚೆನ್ನಾಗಿ ಮಲಗಿದಾರೆ ಅನ್ಕೋಬೇಡಿ. ಗೊಳಗೊಳ ಅಂತಿದ್ರೆ ಎಬ್ಬಿಸಿ ನೋಡಿ.’ ಎರಡು ಸ್ಪ್ರೇ ಇರುವ ಡಬ್ಬಿಯೊಂದನ್ನು ಕೊಟ್ಟರು. ಅದನ್ನು ದಾರದುಂಡೆಗಳ ಡ್ರಾಯರಿಗೆ ಎಸೆದು ಮರೆತೆ.

ಭಾನುವಾರ ಮಧ್ಯಾಹ್ನ. ಬಿದ್ದು ಸೊಂಟ ಮುರಿದಾಗಿನಿಂದ ಅತ್ತೆಗೆ ನೆಟ್ಟಗೆ ನಿದ್ದೆ ಇಲ್ಲವೆಂದು ನಿಮಗೆ ಗೊತ್ತೇ ಇದೆ. ಅವತ್ತು ಬಿಸಿನೀರಿನ ಚೀಲ ಸೊಂಟಕ್ಕೆ ಒತ್ತಿಕೊಂಡು ಮಲಗಿದವರು ಗೊರಕೆ ಶುರು ಮಾಡಿದರು. ಅವರ ಗೊರಕೆ ನನ್ನ ಹೊಲಿಗೆ ಯಂತ್ರವನ್ನೇ ಸೋಲಿಸುವಂಥದ್ದು. ಅಬ್ಬಾ, ಮಲಗಲಿ ಪಾಪ ಎಂದು ಯಂತ್ರ ನಿಲ್ಲಿಸಿದೆ. ನಿಲ್ಲಿಸಿದ್ದೇ ಒಳ್ಳೆಯದಾಯಿತು. ಸದ್ದು ಅಡಗಿದ ಮೇಲೆ ಗೊರಕೆ ಸರಿಯಾಗಿ ಕೇಳಿಸಿತು. ಗಂಟಲಲ್ಲಿ ನೀರು ನಿಂತಂತೆ ಗೊಳಗೊಳ, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ನರ್ಸಮ್ಮನ ಮಾತು ನೆನಪಾಯಿತು. ಕೂಗಿದೆ, ಅಲುಗಾಡಿಸಿದೆ, ಕಲಿಸಿದಂತೆ ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಉಜ್ಜಿದೆ. ಮಿಸುಕಲಿಲ್ಲ. ತುಟಿ ನೀಲಿ. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಆಂಬುಲೆನ್ಸಿಗೆ ಫೋನ್ ಹಚ್ಚಿ ಪಕ್ಕದಲ್ಲಿಟ್ಟು, ಡ್ರಾಯರಿನಿಂದ ಡಬ್ಬಿ ತಂದು, ಅವರ ತಲೆ ಹಿಂದಕ್ಕೆ ಬಾಗಿಸಿ, ಮೂಗಿಗೆ ಸ್ಪ್ರೇ ಒತ್ತಿದೆ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಮದುವೆಯಾದಾಗಿನಿಂದ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದವಳು ನಾನು. ಆದರೂ ಅವರು ಏಳಲಿಲ್ಲ. ಹೋಗೇಬಿಟ್ಟರು, ನಿಮಗೆ ಏನೆಂದು ಬರೆಯಲಿ ಎಂದು ತಲೆ ಕೆಟ್ಟುಹೋಯಿತು. ಎರಡನೆಯ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಒತ್ತಿದ ಮೇಲೆ ಎದೆ ಏರಿಳಿಯತೊಡಗಿತು. ಕಣ್ಣು ಬಿಟ್ಟು ಆಡಿದ ಮೊದಲ ಮಾತು, ‘ಈಗಷ್ಟೇ ನಿದ್ದೆ ಹತ್ತಿತ್ತು, ಕೆಡಿಸ್ಬಿಟ್ಟೆ.’ ನಾನು ನೆಲದ ಮೇಲೆ ಕೂತು ಗೋಳೋ ಎಂದು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಡಾಕ್ಟರು ಸೊಂಟದ ಬಟ್ಟೆ ಸರಿಸಿ ದಂಗಾದರು. ನೋವಿಗೆಂದು ಅವರೇ ಬರೆದುಕೊಟ್ಟ ಪ್ಯಾಚ್‌ಗಳು, ಮೈಗೆ ಅಂಟಿಸಿಕೊಳ್ಳುವ ಮದ್ದಿನ ಪಟ್ಟಿಗಳು, ಹಳೆಯದನ್ನು ಕಿತ್ತ ಮೇಲೆಯೇ ಹೊಸದು ಅಂಟಿಸಬೇಕಾದಂಥವು, ಒಂದರ ಪಕ್ಕ ಒಂದು ಅಂಚಿಗೆ ಅಂಚು ಕೂಡಿಸಿ ಕೂತಿದ್ದವು. ಹಳೆಯದನ್ನು ಯಾಕೆ ಕೀಳಲಿಲ್ಲ ಎಂದು ಕೇಳಿದರೆ ಅತ್ತೆ ಅವರನ್ನೇ ಏನೂ ತಿಳಿಯದವರಂತೆ ನೋಡಿ, ‘ಹಳೇ ತೇಪೆ ಗಟ್ಟಿಯಾಗಿದ್ರೆ ಯಾರಾದ್ರೂ ಕೀಳ್ತಾರಾ? ಪಕ್ಕದಲ್ಲಿ ಇನ್ನೊಂದು ಕೊಡ್ತಾರೆ’ ಎಂದರು. ಆಯುಷ್ಯವೆಲ್ಲ ಬಟ್ಟೆಗೆ ತೇಪೆ ಹಾಕಿದ ಕೈ. ನನಗೆ ಅವರು ಕಲಿಸಿದ ಮೊದಲ ಪಾಠವೂ ಅದೇ. ಮೇಲೆ ಬಿಸಿ ತಾಗಿದ್ದರಿಂದ ಮದ್ದು ಇನ್ನೂ ಬೇಗ ಮೈಗೆ ಇಳಿದಿತ್ತಂತೆ, ಆ ಚೀಲ ತುಂಬಿಸಿ ಕೊಟ್ಟವಳು ನಾನೇ. ಡಾಕ್ಟರೇ ಕೊಟ್ಟ ಮದ್ದು, ನಮ್ಮದೇ ಮಂಚ, ಹಾಡಹಗಲು. ಇನ್ನೂ ನಂಬಲಾಗುತ್ತಿಲ್ಲ. ಸ್ಪ್ರೇಯ ಪ್ರಭಾವ ಇಳಿದ ಮೇಲೆ ಮತ್ತೆ ಉಸಿರು ಕಟ್ಟಬಹುದೆಂದು ಅಲ್ಲೇ ಇಟ್ಟುಕೊಂಡು ನೋಡಿ, ನಿನ್ನೆ ಮನೆಗೆ ಕಳಿಸಿದರು. ನರ್ಸಮ್ಮ ಇನ್ನೊಂದು ಡಬ್ಬಿ ತಂದುಕೊಟ್ಟು ಹೋದರು.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ನಾನು ಎದೆ ಉಜ್ಜಿ ನೋವು ಮಾಡಿದೆನೆಂಬ ಚಾಡಿಯನ್ನೂ ಸೇರಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಬಾಯಿಬಡುಕಿ

ತಾ.ಕ.: ವ್ಯಾನಿನವರು ಹಾರ್ನ್ ಹೊಡೆದರು. ಕಾಗದ ಮಡಚುವಾಗ ಅತ್ತೆ ಮಂಚದಿಂದಲೇ, ‘ಅದ್ರ ಜೊತೆ ಒಂದೆರಡು ತೇಪೆ ಇಡೇ, ಹೋಗೋವಾಗ ನಾನು ಅವನ ಚೀಲದಲ್ಲಿ ಹಾಕಿದ್ದು ಮುಗಿದಿರತ್ತೆ, ಪಾಪ ಅವನಿಗೂ ಬೆನ್ನುನೋವು’ ಎಂದರು. ನಿಮ್ಮ ಆರಾಮ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಅವರ ಮಗ ನೀವು, ಹಳೆಯದನ್ನು ಕಿತ್ತಿರುವುದಿಲ್ಲ. ಮೈಮೇಲಿರುವುದನ್ನೆಲ್ಲ ಈಗಲೇ ಕಿತ್ತುಹಾಕಿ, ಕ್ಯಾಂಪಿನ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಒಬ್ಬರೇ ಮಲಗಬೇಡಿ. ಉಸಿರು ನಿಲ್ಲುತ್ತಿರುವವರು ತಮಗೆ ತಾವೇ ಸ್ಪ್ರೇ ಹಾಕಿಕೊಳ್ಳಲು ಆಗುವುದಿಲ್ಲ ರೀ, ಅದಕ್ಕೇ ಡಬ್ಬಿಯನ್ನು ನಿಮಗಲ್ಲ, ವ್ಯಾನಿನವರಿಗೆ ಕೊಟ್ಟಿದ್ದೇನೆ. ಈಗಷ್ಟೇ ಅವರನ್ನು ಒಳಗೆ ಕರೆದು ಅತ್ತೆಯ ದಿಂಬಿನ ಮೇಲೆ ಎಲ್ಲ ಕಲಿಸಿದೆ. ಸಾಮಾನು ಇಳಿಸುವ ಮೊದಲು ನಿಮ್ಮ ಕೋಣೆಗೆ ಬರುತ್ತಾರೆ, ಮಲಗಿದ್ದರೆ ಎಬ್ಬಿಸುತ್ತಾರೆ. ಇದನ್ನು ನೀವೇ ಓದುತ್ತಿದ್ದರೆ ಅವರ ಕೈಯಲ್ಲೇ ಉತ್ತರ ಕಳಿಸಿ. ಆರಾಮ ಎಂದು ಮಾತ್ರ ಬರೆಯಬೇಡಿ.