ಅವಧಿಪೂರ್ವ

ಮಾರ್ಚ್ 4, ಸಂಜೆ

ಮೂರು ಹೆರಿಗೆ. ಒಂದು ಅವಧಿಪೂರ್ವ, ಒಂದೂವರೆ ಕೆಜಿ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಸ್ಟಾಫ್ ರೂಮಿಗೆ ಬಂದರೆ ಟಿವಿಯಲ್ಲೂ ಅದೇ ಪದ — ಅವಧಿಪೂರ್ವ ಚುನಾವಣೆ! ಇನ್ನೂ ಒಂದು ವರ್ಷ ಬಾಕಿ ಇತ್ತು. ಹೆಡ್ ಸಿಸ್ಟರ್ ಅಂದರು, "ಇದಕ್ಕೂ ಒಂದು ಪೆಟ್ಟಿಗೆ ರೆಡಿ ಮಾಡ್ರಮ್ಮ." ಎಲ್ಲರೂ ನಕ್ಕೆವು.

ನಾನು ಒಂಬತ್ತು ವರ್ಷದಿಂದ ಕಾಂಟ್ರ್ಯಾಕ್ಟ್ ನರ್ಸ್. ಈ ಸರ್ಕಾರ ಇರುವವರೆಗೂ ಇಷ್ಟೇ. ವಿರೋಧ ಪಕ್ಷದವರು ಕಾಯಂ ಮಾಡುತ್ತೇವೆ ಅಂದಿದ್ದಾರೆ. ಮಾಡುತ್ತಾರೋ, ಮೂಗಿಗೆ ತುಪ್ಪ ಸವರುತ್ತಾರೋ...

ಮಾರ್ಚ್ 5

ಅಪ್ಪನಿಗೆ ಖುಷಿಯೋ ಖುಷಿ. ಡಾಕ್ಟರು ಹೇಳಿರುವುದು ಆರು ತಿಂಗಳು. "ಮುಂದಿನ ವರ್ಷ ಆಗಿದ್ರೆ ನನ್ನ ವೋಟು ಹೋಗ್ತಿತ್ತು. ನನಗೋಸ್ಕರಾನೇ ಮುಂಚೆ ಇಟ್ಟಿದ್ದಾರೆ ನೋಡು!"

ಯಾರಿಗೆ ಎಂದು ಕೇಳಲೇಬೇಕಿಲ್ಲ. ನಲವತ್ತು ವರ್ಷದಿಂದ ಒಂದೇ ಗುರುತು, ಈ ಸರ್ಕಾರದ್ದೇ. ನಾನು ಹಾಕುವ ವೋಟನ್ನು ಅಪ್ಪನ ವೋಟು ಅಳಿಸಿಹಾಕುತ್ತದೆ.

ಮಾರ್ಚ್ 11

ಹಾಸಿಗೆ ಹಿಡಿದವರ ಮನೆಗೇ ಬಂದು ವೋಟು ಹಾಕಿಸಿಕೊಳ್ಳುತ್ತಾರಂತೆ. ಅರ್ಜಿ ತಂದು ತುಂಬಿದೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಮೂಗಲ್ಲಿ ಆಕ್ಸಿಜನ್ — ಬೇರೆ ದಾರಿಯೇ ಇಲ್ಲ. ಅಪ್ಪ ಓದದೆ ಸಹಿ ಹಾಕಿದರು. "ನೀನೇ ತುಂಬಿದ್ದೀಯಲ್ಲ, ಇನ್ನೇನು ಓದೋದು?"

ಕೊನೆಯ ದಿನ 18.

ಮಾರ್ಚ್ 18, ಸಂಜೆ ಏಳು

ಕೊಡಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆಯಲಿಲ್ಲ. ವಾರವಿಡೀ ಬ್ಯಾಗಿನಲ್ಲೇ ಇತ್ತು. ಇವತ್ತು ಬಸ್ಸು ಚುನಾವಣಾ ಕಚೇರಿಯ ಮುಂದೆಯೇ ನಿಂತಿತು. ಇಳಿಯಲಿಲ್ಲ.

"ಕೊಟ್ಟೆಯೇನಮ್ಮ?"

"ಹೂಂ."

ಮಾರ್ಚ್ 19

ಡ್ಯೂಟಿಗೆ ಅರ್ಧ ದಿನ ರಜೆ ಹಾಕಿ ಅದೇ ಕಚೇರಿಗೆ ಓಡಿದೆ. ಗುಮಾಸ್ತ ತಲೆ ಎತ್ತಲಿಲ್ಲ. "ನಿನ್ನೆಗೇ ಮುಗೀತು ಮೇಡಂ."

"ನಮ್ಮಪ್ಪ ಹೆಚ್ಚು ದಿನ ಇರಲ್ಲ ಸರ್."

"ಎಲ್ರೂ ಹಾಗೇ ಅಂತಾರೆ."

ನಾಚಿಕೆಯಾಯಿತು. ಅವನ ಮೇಲೆ ಕೂಗಾಡುವ ಹಕ್ಕೂ ನನಗಿಲ್ಲ.

ಏಪ್ರಿಲ್ 2

ಅಪ್ಪನ ಊಟ ಎರಡು ತುತ್ತಿಗೆ ಇಳಿದಿದೆ. ಆದರೂ ದಿನಾ ಬೆಳಿಗ್ಗೆ ಗಡ್ಡ ತೆಗೆಸಿಕೊಳ್ಳಬೇಕು, ಇಸ್ತ್ರಿ ಅಂಗಿ ಬೇಕು. "ಅವರು ಬಂದಾಗ ರೋಗಿ ಥರ ಕಾಣಬಾರದು." ದಿನಕ್ಕೆ ಮೂರು ನಾಲ್ಕು ಹೆರಿಗೆ ಮಾಡಿಸುವ ಕೈ ಇವತ್ತು ತಪ್ಪಿತು, ಬ್ಲೇಡು ಗಲ್ಲಕ್ಕೆ ತಾಗಿತು. "ಬಿಡು, ವೋಟು ಹಾಕೋಕೆ ಗಲ್ಲ ಯಾಕೆ ಬೇಕು?" ಎಂದು ನಕ್ಕರು. ಬಚ್ಚಲಿಗೆ ಹೋಗಿ ಅತ್ತೆ.

ಒಂದು ವೋಟು ತಡೆದರೆ ನಾನು ಕಾಯಂ ಆಗಿಬಿಡುತ್ತೇನೆಯೇ? ಏನು ಬಂದಿತ್ತು ನನಗೆ!

ಏಪ್ರಿಲ್ 6, ಬೆಳಿಗ್ಗೆ 10.40

ವಾರದ ರಜೆ. ಅಡುಗೆಮನೆಯಲ್ಲಿದ್ದೇನೆ. ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ. ಮೆಟ್ಟಿಲ ಮೇಲೆ ಮೂರ್ನಾಲ್ಕು ಜನರ ಹೆಜ್ಜೆ. ಎದುರು ಮನೆ ಅಜ್ಜಿಯ ವೋಟಿಗೆ ಬಂದಿದ್ದಾರೆ.

"ಬಂದ್ರಮ್ಮ! ಬಾಗಿಲು ತೆಗಿ!" ಎಂದು ಅಪ್ಪ ಕೂಗಿದರು.

ಎದುರಿನ ಬಾಗಿಲು ತೆರೆಯಿತು. ಮುಚ್ಚಿತು. ಇಣುಕಿ ನೋಡಿದೆ. ಹತ್ತು ದಿನದ ಮೇಲೆ ಅಪ್ಪ ತಾವೇ ಎದ್ದು ಕೂತಿದ್ದಾರೆ. ಕಾಲರ್ ಸರಿಮಾಡಿಕೊಳ್ಳುತ್ತಿದ್ದಾರೆ.

"ಅಜ್ಜಿದಾದ ಮೇಲೆ ನಮ್ಮದೇ ಅಲ್ವಾ?"

ಹೇಳಬೇಕು. ಈಗಲೇ. ಏನೆಂದು ಶುರು ಮಾಡಲಿ... ಅಪ್ಪ, ನಿಮ್ಮ ಅರ್ಜಿ ನಾನು