ಗುಲಾಬಿಗೆ ಉಪ್ಪುಕಾಗದ

ಮಾರ್ಚ್ ೧೧, ಬುಧವಾರ

ಮುದ್ದು ಮಗಳೇ,

ಚೆನ್ನಾಗಿದ್ದೀಯಾ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ಕೋಪ ಮಾಡಿಕೋ, ಆದರೆ ಪೂರ್ತಿ ಓದಿ ಆಮೇಲೆ ಮಾಡಿಕೋ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು: ಕೆರೆದಂಡೆಯಲ್ಲಿ ನಾನು ಮಾಡಿದ ಸ್ಟೀಲ್ ಗುಲಾಬಿಯ ಹೊಳಪನ್ನು ಉಜ್ಜಿ ತೆಗೆಯುತ್ತಿದ್ದೇನೆ. ಹೌದು, ನಿಮ್ಮಪ್ಪ ತಮ್ಮ ಕೊನೆಯ ಎಂಟು ತಿಂಗಳು ಕೂತು ತಂದ ಹೊಳಪು.

ಪಾರಸಿಯ ಹಳೇ ಕಾವ್ಯಗಳಲ್ಲಿ ಬುಲ್‌ಬುಲ್ ಹಕ್ಕಿ ಗುಲಾಬಿಗೆ ಸೋತು ಹಾಡುತ್ತದೆ ಎಂದು ನಿನಗೂ ನಿಮ್ಮಪ್ಪನಿಗೂ ಓದಿ ಹೇಳುತ್ತಿದ್ದೆನಲ್ಲ. ಅದಕ್ಕೇ ಕೆರೆಗೆ ವಿಷ ಬಿಟ್ಟು ಮುಚ್ಚಿಹೋದ ಕಾರ್ಖಾನೆಯ ಸ್ಟೀಲ್ ತೊಟ್ಟಿಗಳನ್ನೇ ಕತ್ತರಿಸಿ ಎಸಳು ಮಾಡಿದೆ. ನೀರು ತಿಳಿಯಾಗಿ ಹಕ್ಕಿಗಳು ವಾಪಸ್ ಬಂದಾಗ ಅವಕ್ಕೊಂದು ಗುಲಾಬಿ ಇರಲಿ ಎಂದು. ಬಂದವು. ಎಸಳಲ್ಲಿ ಕಂಡ ಆಕಾಶವನ್ನು ನಿಜವೆಂದು ನಂಬಿ ನೇರ ಅದಕ್ಕೇ ಹಾರಿದವು.

ಕೆರೆ ಉದ್ಯಾನದ ಕಾವಲುಗಾರ ಒಂದು ರಟ್ಟಿನ ಡಬ್ಬಿ ತಂದು ನನ್ನ ಮುಂದಿಟ್ಟ. "ಬೇಜಾರು ಮಾಡ್ಕೋತೀರ ಅಂತ ಹೇಳಿರಲಿಲ್ಲಮ್ಮ. ಈ ವಾರದಲ್ಲೇ ಒಂಬತ್ತು." ಮುಟ್ಟಿದರೆ ಒಂದು ಇನ್ನೂ ಬೆಚ್ಚಗಿತ್ತು.

ಹೊಳಪು ತೆಗೆಯುತ್ತೇನೆ ಎಂದರೆ ಉದ್ಯಾನದ ಅಧಿಕಾರಿ ಬೇಡವೆಂದ. "ಭಾನುವಾರ ಉದ್ಘಾಟನೆ ಮುಗೀಲಿ ಮೇಡಂ. ಫೋಟೋದಲ್ಲಿ ಹೊಳೀಬೇಕಲ್ವಾ?"

"ಹೊಳೆಯೋದು ಬೇಕಿದ್ರೆ ನಿಮ್ಮ ಬೂಟು ಪಾಲಿಶ್ ಮಾಡಿಸ್ಕೊಂಡು ಬನ್ನಿ," ಎಂದೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಅವತ್ತೇ ಅಟ್ಟಣೆ ಕಟ್ಟಿಸಿದೆ. ಮೆಷಿನ್ ಹಿಡಿದರೆ ಮತ್ತೆ ಮಿನುಗುತ್ತದೆ. ಒರಟು ಉಪ್ಪುಕಾಗದದಲ್ಲಿ, ಕೈಯಲ್ಲೇ, ಸುತ್ತಸುತ್ತ ಉಜ್ಜಬೇಕು. ಇಪ್ಪತ್ತಾರು ಎಸಳಿನಲ್ಲಿ ಹದಿನೇಳು ಮುಗಿದಿವೆ. ಉಳಿದವಕ್ಕೆ ಮನೆಯ ಹಳೇ ಹೊದಿಕೆಗಳನ್ನೆಲ್ಲ ಹೊದಿಸಿದ್ದೇನೆ. ಬೆರಳ ತುದಿ ಸುಲಿದಿದೆ, ಭುಜ ಹಿಡಿದುಕೊಂಡಿದೆ. ಒಂದೊಂದು ಎಸಳು ಮಂಕಾಗುವಾಗಲೂ ನಿಮ್ಮಪ್ಪನ ಕೈಗೆಲಸವನ್ನೇ ಅಳಿಸಿದಂತೆ ಆಗುತ್ತದೆ. ಆದರೂ ಭಾನುವಾರದೊಳಗೆ ಮುಗಿಸಿಯೇ ತೀರುತ್ತೇನೆ. ಮಂಕಾದ ಎಸಳಿಗೆ ಇದುವರೆಗೆ ಒಂದು ಹಕ್ಕಿಯೂ ಬಡಿದುಕೊಂಡಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ಕೈಗೂಡಲಿ, ತಣ್ಣಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ಒಂದು ಮಾತು ನಿನಗೆ ಯಾವತ್ತೂ ಹೇಳಿರಲಿಲ್ಲ. ಮೊದಲನೇ ಎಸಳು ಹೊಳೆದ ದಿನ ನಿಮ್ಮಪ್ಪ ಕೈ ನಿಲ್ಲಿಸಿ ಕೇಳಿದ್ದರು, "ಇದರಲ್ಲಿ ಆಕಾಶ ಕಾಣುತ್ತಲ್ಲೇ, ಹಕ್ಕಿ ಬಂದು ಬಡ್ಕೊಂಡ್ರೆ?"

"ಹಕ್ಕಿಗೇನು ಕಣ್ಣಿಲ್ವಾ? ನೀವು ಸುಮ್ನೆ ಉಜ್ಜಿ," ಎಂದು ನಕ್ಕುಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಎಂಟು ತಿಂಗಳು ಸುಮ್ಮನೆ ಉಜ್ಜಿದರು.